ಹೊಲಕ್ಕೆ ಜಿಂಕೆ ಬಂದ್ರೆ ಏನು ಮಾಡೋದು? ಪ್ರಾಣಿಯೂ ಉಳಿಬೇಕು, ಬೆಳೆಯೂ ಉಳಿಬೇಕು

ಮುಂಗಾರು ಕೈಹಿಡಿದ ವರ್ಷ ರಾಗಿ ಪೈರು ಗೇಣುದ್ದ ಬಂದಿರುತ್ತೆ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಎಳೆ ಚಿಗುರು ಬಿಟ್ಟಿರುತ್ತೆ. ರಾತ್ರಿ ಬೆಳಗಾಗುವಷ್ಟರಲ್ಲಿ ನಾಲ್ಕು ಸಾಲು ಮೇಲಿಂದ ಮೇಯ್ದು ಬಿಟ್ಟ ಹಾಗೆ ಕಾಣುತ್ತೆ. ಯಾರದ್ದೋ ಕುರಿ ನುಗ್ಗಿರಬೇಕು ಅಂದ್ಕೊಳ್ತೀವಿ. ಹತ್ತಿರ ಹೋಗಿ ನೋಡಿದ್ರೆ ಮಣ್ಣಿನಲ್ಲಿ ಚೂಪಾದ ಎರಡು ಗೊರಸಿನ ಗುರುತು.

ಯಲಹಂಕ, ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ಇನ್ನೂ ಬೇಸಾಯ ಮಾಡ್ತಿರುವವರಿಗೆ ನವಿಲು, ಕಾಡುಹಂದಿ, ಕೋತಿ ಕಾಟ ಹೊಸದೇನಲ್ಲ. ಲೇಔಟ್ ಮೇಲೆ ಲೇಔಟ್ ಬರ್ತಾ ಇದೆ. ಗೋಮಾಳ, ಹುಲ್ಲುಗಾವಲು, ಕೆರೆ ಅಂಗಳ ಕಿರಿದಾಗ್ತಾ ಇವೆ. ಆ ಜಾಗದಲ್ಲಿದ್ದ ಪ್ರಾಣಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಹಸಿರಾಗಿ ಉಳಿದಿರೋದು ನಮ್ಮ ಹೊಲ ಮಾತ್ರ. ಹಾಗಾಗಿ ಜಿಂಕೆ, ಕೃಷ್ಣಮೃಗದ ವಿಚಾರ ಕಾಡಂಚಿನವರದ್ದು ಮಾತ್ರ ಅಂತ ಸುಮ್ಮನಿರೋ ಹಾಗಿಲ್ಲ. ನಗರದ ಅಂಚಿನ ರೈತರೂ ಇದನ್ನ ತಿಳ್ಕೊಂಡಿರಬೇಕು.

ಈ ವಾರ ಅದರ ಬಗ್ಗೆಯೇ ಮಾತಾಡೋಣ. ಯಾವ ಉಪಾಯ ಕೆಲಸ ಮಾಡುತ್ತೆ, ಯಾವುದು ಬರೀ ಖರ್ಚು, ಯಾವುದು ನಮ್ಮನ್ನೇ ಜೈಲಿಗೆ ಕಳಿಸುತ್ತೆ, ಒಂದೊಂದಾಗಿ ನೋಡೋಣ.

ಮೊದಲು ಕಳ್ಳ ಯಾರು ಅಂತ ಗುರುತಿಸಿ

ಹಂದಿಗೆ ಹಾಕೋ ಬೇಲಿ ಜಿಂಕೆಗೆ ಸಾಲಲ್ಲ. ಜಿಂಕೆಗೆ ಮಾಡೋ ಉಪಾಯ ನವಿಲಿಗೆ ನಾಟಲ್ಲ. ಆದ್ದರಿಂದ ದುಡ್ಡು ಖರ್ಚು ಮಾಡೋಕೆ ಮುಂಚೆ ಗುರುತು ನೋಡಿ.

ಜಿಂಕೆ ಜಾತಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲಿರಲ್ಲ, ನಮ್ಮ ಹಸು, ಕುರಿಗೆ ಇಲ್ಲದ ಹಾಗೆಯೇ. ಅದು ಕಚ್ಚಿ ಕತ್ತರಿಸಲ್ಲ, ಹಿಡಿದು ಎಳೆದು ಹರಿಯುತ್ತೆ. ಹಾಗಾಗಿ ಚಿಗುರಿನ ತುದಿ ನಾರುನಾರಾಗಿ ಹರಿದಿರುತ್ತೆ. ಮೊಲ ತಿಂದಿದ್ರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣುಪಾಗಿ ಇರುತ್ತೆ. ಹಂದಿ ಬಂದಿದ್ರೆ ನೆಲ ಉತ್ತ ಹಾಗೆ ಅಗೆದಿರುತ್ತೆ, ಕಡಲೆಕಾಯಿ ಗಿಡ ಬೇರು ಸಮೇತ ಮೇಲೆ ಬಂದಿರುತ್ತೆ. ನವಿಲು ತೆನೆ ಕುಕ್ಕುತ್ತೆ, ಬಿತ್ತಿದ ಕಾಳು ಕೆದಕುತ್ತೆ. ಹಿಕ್ಕೆ ನೋಡಿದ್ರೂ ಗೊತ್ತಾಗುತ್ತೆ. ಜಿಂಕೆಯದ್ದು ಆಡಿನ ಹಿಕ್ಕೆಯ ಹಾಗೆ ಕಾಳು ಕಾಳಾಗಿರುತ್ತೆ. ಬಿದ್ದ ಜಾಗದ ಫೋಟೋ ತೆಗೆದಿಡಿ, ಪರಿಹಾರದ ಅರ್ಜಿಗೂ ಬೇಕಾಗುತ್ತೆ.

ಚುಕ್ಕೆ ಜಿಂಕೆ ಬೇರೆ, ಕೃಷ್ಣಮೃಗ ಬೇರೆ

ನಾವು ಎಲ್ಲವನ್ನೂ ಜಿಂಕೆ ಅಂತಲೇ ಕರೀತೀವಿ. ಆದ್ರೆ ಎರಡರ ಗುಣ ಬೇರೆ ಬೇರೆ.

ಚುಕ್ಕೆ ಜಿಂಕೆಗೆ ಮರದ ನೆರಳು, ಪೊದೆ, ಹತ್ತಿರದಲ್ಲಿ ನೀರು ಬೇಕು. ಗಂಡಿನ ಕವಲು ಕೊಂಬು ಉದುರಿ ಮತ್ತೆ ಬೆಳೆಯುತ್ತೆ. ಇದು ಚೆನ್ನಾಗಿ ಜಿಗಿಯುತ್ತೆ. ಗಬ್ಬದ ಅವಧಿ ಸುಮಾರು ಏಳೂವರೆಯಿಂದ ಎಂಟು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ.

ಕೃಷ್ಣಮೃಗ ಬಯಲಿನ ಪ್ರಾಣಿ. ದೂರದವರೆಗೂ ಕಣ್ಣು ಹಾಯಬೇಕು, ಓಡೋಕೆ ಜಾಗ ಬೇಕು. ಅದಕ್ಕೆ ದಟ್ಟ ಗಿಡಮರ ಅಂದ್ರೆ ಆಗಲ್ಲ. ಗಂಡಿನ ತಿರುಚಿದ ಕೊಂಬು ಉದುರೋದಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಇದು ಜಿಂಕೆಯೇ ಅಲ್ಲ, ಹುಲ್ಲೆಯ ಜಾತಿ. ಗಬ್ಬ ಸುಮಾರು ಆರು ತಿಂಗಳು. ಬೇಲಿ ಕಂಡ್ರೆ ಜಿಗಿಯೋದಕ್ಕಿಂತ ತಂತಿಯ ಕೆಳಗೆ ನುಸುಳೋದು, ಇಲ್ಲವೇ ಸುತ್ತಿ ಹೋಗೋದು ಇದರ ಅಭ್ಯಾಸ.

ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಲಿಯ ವಿಚಾರಕ್ಕೆ ಬರುತ್ತೆ.

ನಮ್ಮ ಹತ್ತಿರದ ಉದಾಹರಣೆ: ಮೈದನಹಳ್ಳಿ

ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹೋದ್ರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸಿಗುತ್ತೆ. ಅಲ್ಲಿ 798 ಎಕರೆ ಹುಲ್ಲುಗಾವಲಿದೆ. 2007ರಲ್ಲಿ ಸರ್ಕಾರ ಅದನ್ನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಸುತ್ತಲೂ ರೈತರ ಹೊಲ. ಪ್ರಾಣಿಗೆ ಗಡಿ ಕಲ್ಲು ಗೊತ್ತಿಲ್ಲ. ಹುಲ್ಲು ಒಣಗಿದಾಗ ಹೊಲದ ಕಡೆ ಬರುತ್ತೆ.

ಮೈದನಹಳ್ಳಿಯಿಂದ ಕಲಿಯಬೇಕಾದ ಪಾಠ ಏನಪ್ಪಾ ಅಂದ್ರೆ, ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳೀಬೇಕು. ಖಾಲಿ ಬಿದ್ದಿದೆ ಅಂತ ಅಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರೆ, ಬಳ್ಳಾರಿ ಜಾಲಿ ಹಬ್ಬೋಕೆ ಬಿಟ್ಟರೆ ಕೃಷ್ಣಮೃಗಕ್ಕೆ ಮೇವೂ ಇಲ್ಲ, ಓಡೋಕೆ ಬಯಲೂ ಇಲ್ಲ. ಆಮೇಲೆ ಅದಕ್ಕೆ ಇಷ್ಟವಾದ ಬಯಲು ಅಂದ್ರೆ ಪಕ್ಕದ ಶೇಂಗಾ ಹೊಲ, ರಾಗಿ ಹೊಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ಜಾಗವನ್ನ ಕೃಷ್ಣಮೃಗ ಧಾಮ ಮಾಡಿದ್ರು. ಅದರ ಬಹುಪಾಲು ನೀಲಗಿರಿ ನೆಡುತೋಪು. ಪ್ರಾಣಿ ಉಳೀತು, ಸಂಖ್ಯೆಯೂ ಹೆಚ್ಚಿತು, ಆದ್ರೆ ಸುತ್ತಲಿನ ರೈತರು ಬೆಳೆ ಹಾನಿ ಅಂತ ದೂರೋದು ನಿಂತಿಲ್ಲ.

ನಮ್ಮ ಮನೆ ಬಾಗಿಲಿಗೇ ಬಂದ್ರೆ, ಹೆಸರಘಟ್ಟ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿನ 5,678 ಎಕರೆಯನ್ನ ಹುಲ್ಲುಗಾವಲು ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿಗೆ ಕೊಟ್ಟಿತು. ಪಕ್ಷಿ ನೋಡುವವರು ಖುಷಿಪಟ್ರು. ರೈತರಿಗೂ ಇದರಲ್ಲಿ ಲಾಭ ಇದೆ. ಬಯಲಿನಲ್ಲಿ ಹುಲ್ಲು ಚೆನ್ನಾಗಿದ್ರೆ ಹುಲ್ಲು ತಿನ್ನೋ ಪ್ರಾಣಿ ಹೊಲಕ್ಕೆ ಬರೋ ಕಾರಣ ಕಡಿಮೆಯಾಗುತ್ತೆ. ಆದ್ದರಿಂದ ಊರ ಸಭೆಯಲ್ಲಿ ಯಾರಾದ್ರೂ ಹುಲ್ಲುಗಾವಲಿನಲ್ಲಿ ಸಸಿ ನೆಡೋಣ ಅಂತ ಬಂದ್ರೆ, ಗಿಡ ನೆಡೋಕೆ ಕೆರೆ ಏರಿ, ರಸ್ತೆ ಬದಿ, ಶಾಲೆ ಮೈದಾನದ ಅಂಚು ತೋರಿಸಿ. ಹುಲ್ಲಿನ ಬಯಲನ್ನ ಹಾಗೇ ಬಿಡೋಕೆ ಹೇಳಿ.

ಹಿಡಿದು ಬೇರೆ ಕಡೆ ಬಿಟ್ಟರೆ ಆಗಲ್ವಾ?

ಎಲ್ಲರೂ ಮೊದಲು ಕೇಳೋದು ಇದನ್ನೇ. "ಅರಣ್ಯ ಇಲಾಖೆಯವರು ಹಿಡ್ಕೊಂಡು ಬಂಡೀಪುರಕ್ಕೆ ಬಿಡ್ಲಿ." ಕೇಳೋಕೆ ಸುಲಭ. ಮಾಡೋಕೆ ಕಷ್ಟ, ಅದಕ್ಕೆ ಎರಡು ಕಾರಣ.

ಒಂದು, ಜಿಂಕೆಯ ಜೀವ ಬಹಳ ಸೂಕ್ಷ್ಮ. ಅಟ್ಟಿಸಿಕೊಂಡು ಹೋಗಿ ಹಿಡಿದ್ರೆ, ಕಾಲು ಕಟ್ಟಿದ್ರೆ, ಗದ್ದಲ ಮಾಡಿದ್ರೆ ಹೆದರಿಕೆ ಮತ್ತು ಅತಿಯಾದ ಓಟದಿಂದ ಅದರ ಸ್ನಾಯುಗಳೇ ಒಳಗೆ ಹಾಳಾಗ್ತವೆ. ಸ್ನಾಯು ಒಡೆದು ಬಂದ ವಿಷ ಮೂತ್ರಪಿಂಡ ಸೇರುತ್ತೆ. ಮೇಲೆ ಒಂದು ಗಾಯವೂ ಇಲ್ಲದ ಪ್ರಾಣಿ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು ಸತ್ತು ಹೋಗುತ್ತೆ. ಊರವರೆಲ್ಲ ಸೇರಿ "ಕಾಪಾಡಿದ" ಜಿಂಕೆ ಮಾರನೇ ದಿನ ಸಾಯೋದು ಬಹಳ ಸಲ ಇದೇ ಕಾರಣಕ್ಕೆ.

ಎರಡು, ಹತ್ತು ಜಿಂಕೆ ತೆಗೆದ್ರೆ ಉಳಿದವುಗಳಿಗೆ ಮೇವು ಹೆಚ್ಚು ಸಿಗುತ್ತೆ, ಹೆಚ್ಚು ಮರಿ ಬದುಕ್ತವೆ. ಲೆಕ್ಕ ಹಾಕಿ ನೋಡಿ. ಹತ್ತು ಹೆಣ್ಣು ಜಿಂಕೆ ವರ್ಷಕ್ಕೆ ಒಂದೊಂದು ಮರಿ ಹಾಕಿ, ಅದರಲ್ಲಿ ಅರ್ಧ ಹೆಣ್ಣಾಗಿ, ಯಾವುದೂ ಸಾಯಲಿಲ್ಲ ಅಂದ್ಕೊಂಡ್ರೆ ಎರಡೇ ವರ್ಷಕ್ಕೆ ಹೆಣ್ಣುಗಳ ಸಂಖ್ಯೆ ಇಪ್ಪತ್ತಾಗುತ್ತೆ. ನಿಜ ಜೀವನದಲ್ಲಿ ಸಾವು ಇರುತ್ತೆ, ಇಷ್ಟು ಬೇಗ ಏರಲ್ಲ. ಆದ್ರೆ ಮೇವು, ನೀರು ಇರೋವರೆಗೆ ಖಾಲಿಯಾದ ಜಾಗ ತುಂಬಿಯೇ ತುಂಬುತ್ತೆ.

ಹಾಗಂತ ಸ್ಥಳಾಂತರ ಆಗೋದೇ ಇಲ್ಲ ಅಂತಲ್ಲ. ದಕ್ಷಿಣ ಆಫ್ರಿಕಾದ ಬೋಮಾ ಅನ್ನೋ ವಿಧಾನ ಇದೆ. ದೊಡ್ಡ ಆಲಿಕೆಯ ಆಕಾರದಲ್ಲಿ ಬಟ್ಟೆ, ಹುಲ್ಲಿನ ಪರದೆ ಕಟ್ತಾರೆ. ಪ್ರಾಣಿಗಳು ನಿಧಾನವಾಗಿ ಒಳಗೆ ಸಾಗಿ ಕೊನೆಗೆ ನೇರ ಲಾರಿ ಹತ್ತುತ್ತವೆ. ಯಾರೂ ಮುಟ್ಟೋದಿಲ್ಲ. ಮಧ್ಯಪ್ರದೇಶದಲ್ಲಿ ಹೀಗೆ ಚುಕ್ಕೆ ಜಿಂಕೆಗಳನ್ನ ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗಿಸಿದ್ದಾರೆ. 2025ರಲ್ಲಿ ಅಲ್ಲಿನ ಶಾಜಾಪುರ ಜಿಲ್ಲೆಯ ರೈತರ ಹೊಲಗಳಿಂದ ಹೆಲಿಕಾಪ್ಟರ್ ಮತ್ತು ಬೋಮಾ ಬಳಸಿ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನ ಅಭಯಾರಣ್ಯಗಳಿಗೆ ಕಳಿಸಿದ್ರು. ಇದು ಪರಿಣತರ ತಂಡ, ಸರ್ಕಾರದ ಅನುಮತಿ, ದೊಡ್ಡ ಖರ್ಚು ಎಲ್ಲಾ ಬೇಕಾದ ಕೆಲಸ. ಊರಿನ ನಾಲ್ಕು ಜನ ಬಲೆ ಹಿಡ್ಕೊಂಡು ಮಾಡೋ ಕೆಲಸ ಅಲ್ಲ.

ನಗರದೊಳಗಿನ ಜಿಂಕೆಗಳ ಪಾಡು

ಬೇರೆ ಊರುಗಳು ಏನು ಮಾಡಿವೆ ಅಂತ ಒಂದು ಸುತ್ತು ನೋಡೋಣ.

ಚೆನ್ನೈ ನಗರದ ನಡುವೆ ಗಿಂಡಿ ರಾಷ್ಟ್ರೀಯ ಉದ್ಯಾನ ಇದೆ, ಸುಮಾರು 2.7 ಚದರ ಕಿಲೋಮೀಟರ್. ಪಕ್ಕದಲ್ಲೇ ಐಐಟಿ ಆವರಣ. ಎರಡೂ ಕಡೆ ಚುಕ್ಕೆ ಜಿಂಕೆ, ಕೃಷ್ಣಮೃಗ ಇವೆ. ಅಲ್ಲಿ ಜಿಂಕೆಗಳ ದೊಡ್ಡ ಶತ್ರು ಚಿರತೆ ಅಲ್ಲ, ಬೀದಿ ನಾಯಿ ಮತ್ತು ಪ್ಲಾಸ್ಟಿಕ್. ನಾಯಿ ಉಳಿಸಬೇಕಾ, ಜಿಂಕೆ ಉಳಿಸಬೇಕಾ ಅನ್ನೋ ಜಗಳ ಹೈಕೋರ್ಟ್‌ವರೆಗೂ ಹೋಯ್ತು.

ದೆಹಲಿಯ ಹೌಜ್ ಖಾಸ್ ಜಿಂಕೆ ಉದ್ಯಾನದಲ್ಲಿ 1960ರ ದಶಕದಲ್ಲಿ ಆರು ಜಿಂಕೆ ತಂದು ಬಿಟ್ಟಿದ್ರು. ಬೇಲಿಯೊಳಗೆ ಬೆಳೀತಾ ಬೆಳೀತಾ ಸುಮಾರು ಆರುನೂರಾಯ್ತು. ಗಂಡು ಹೆಣ್ಣು ಬೇರೆ ಮಾಡದೆ ಸುಮ್ಮನಿದ್ದದ್ದರ ಫಲ ಅದು. ಕೊನೆಗೆ 2023ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಮಾನ್ಯತೆಯನ್ನೇ ರದ್ದು ಮಾಡಿತು.

ಜಪಾನಿನ ನಾರಾ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆ ರಸ್ತೆಯಲ್ಲೇ ಓಡಾಡ್ತವೆ, ಪ್ರವಾಸಿಗರು ಬಿಸ್ಕತ್ತು ಕೊಡ್ತಾರೆ. 2019ರಲ್ಲಿ ಸತ್ತ ಜಿಂಕೆಗಳ ಹೊಟ್ಟೆ ಸೀಳಿ ನೋಡಿದಾಗ ಒಂದರಲ್ಲಿ 4 ಕಿಲೋಗೂ ಹೆಚ್ಚು ಪ್ಲಾಸ್ಟಿಕ್ ಸಿಕ್ಕಿತು.

ಅಮೆರಿಕಾದ ನ್ಯೂಯಾರ್ಕ್ ನಗರದ ಸ್ಟೇಟನ್ ದ್ವೀಪದಲ್ಲಿ 2016ರಿಂದ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡ್ತಿದ್ದಾರೆ. ಕೆಲವು ಕಡೆ ಹೆಣ್ಣಿಗೆ ಗರ್ಭ ನಿಲ್ಲದಂತೆ ಲಸಿಕೆ ಕೊಡ್ತಾರೆ. ನಮ್ಮ ಬೀದಿ ನಾಯಿಗಳಿಗೆ ಮಾಡೋ ಸಂತಾನ ನಿಯಂತ್ರಣದ ಹಾಗೆಯೇ ಅನ್ನಿ. ಕೊಲ್ಲದೆ ಸಂಖ್ಯೆ ಇಳಿಸೋ ದಾರಿ ಇದು. ಆದ್ರೆ ಒಂದೊಂದು ಜಿಂಕೆಗೂ ಅರಿವಳಿಕೆ ಕೊಡಬೇಕು, ಖರ್ಚು ಲಕ್ಷಾಂತರ ಡಾಲರ್, ಸಂಖ್ಯೆ ಇಳಿಯೋಕೆ ವರ್ಷಗಟ್ಟಲೆ ಬೇಕು. ಹೊರಗಿನಿಂದ ಹೊಸ ಜಿಂಕೆ ಬರದ ದ್ವೀಪ, ಬೇಲಿ ಹಾಕಿದ ಉದ್ಯಾನದಂಥ ಕಡೆ ಮಾತ್ರ ಇದು ಲೆಕ್ಕಕ್ಕೆ ಬರುತ್ತೆ. ತೆರೆದ ಬಯಲಿನ ಕೃಷ್ಣಮೃಗಕ್ಕೆ ಅಲ್ಲ.

ಇವೆಲ್ಲ ನೋಡಿದ ಮೇಲೆ ಒಂದು ಮಾತು ಸ್ಪಷ್ಟ. ತೆರೆದ ಜಾಗದಲ್ಲಿ ಪ್ರಾಣಿಯ ಸಂಖ್ಯೆ ಹಿಡಿತಕ್ಕೆ ತರೋದು ರೈತನ ಕೈಲಿಲ್ಲ. ಪ್ರಾಣಿಗೆ ನಮ್ಮ ಹೊಲ ಸುಲಭದ ಊಟ ಆಗದ ಹಾಗೆ ಮಾಡೋದು ರೈತನ ಕೈಲಿದೆ.

ಬೇಲಿ: ಒಬ್ಬರೇ ಹಾಕಬೇಡಿ

ಜಿಂಕೆಗೆ ಅತ್ಯಂತ ಭದ್ರವಾದ ಉಪಾಯ ಬೇಲಿಯೇ. ಖರ್ಚಿನ ಮಾತು ಬಂದಾಗ ಈ ಲೆಕ್ಕ ನೋಡಿ. ಚೌಕಾಕಾರದ ಒಂದು ಎಕರೆಗೆ ಸುತ್ತಳತೆ ಸುಮಾರು 255 ಮೀಟರ್. ಹತ್ತು ಎಕರೆ ಒಟ್ಟಿಗೆ ಸುತ್ತಿದ್ರೆ ಸುತ್ತಳತೆ ಸುಮಾರು 805 ಮೀಟರ್, ಅಂದ್ರೆ ಎಕರೆಗೆ 80 ಮೀಟರ್ ಮಾತ್ರ. ಒಬ್ಬೊಬ್ಬರೇ ಹಾಕೋ ಬೇಲಿಯ ಮೂರನೇ ಒಂದು ಭಾಗ ಕೂಡ ಆಗಲ್ಲ. ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಟ್ಟಿಗೆ ಹಾಕಿದ್ರೆ ದುಡ್ಡೂ ಉಳಿಯುತ್ತೆ, ಕಾವಲೂ ಹಂಚಿಕೆಯಾಗುತ್ತೆ.

ಬೇಲಿ ಹಾಕುವಾಗ ಗಮನಿಸಬೇಕಾದ್ದು:

- ಚುಕ್ಕೆ ಜಿಂಕೆ ಇರೋ ಕಡೆ ಎತ್ತರ ಮುಖ್ಯ. ಏಳೆಂಟು ಅಡಿ ಇಲ್ಲದಿದ್ರೆ ಜಿಗಿದು ಬಿಡುತ್ತೆ.
- ಅಷ್ಟು ಎತ್ತರ ಆಗದಿದ್ರೆ ನಾಲ್ಕೈದು ಅಡಿ ಎತ್ತರದ ಎರಡು ಬೇಲಿಯನ್ನ ನಾಲ್ಕೈದು ಅಡಿ ಅಂತರದಲ್ಲಿ ಹಾಕಬಹುದು. ಜಿಂಕೆ ಎತ್ತರ ಜಿಗಿಯುತ್ತೆ, ದೂರವೂ ಜಿಗಿಯುತ್ತೆ, ಆದ್ರೆ ಎರಡನ್ನೂ ಒಟ್ಟಿಗೆ ಅಂದಾಜು ಮಾಡೋಕೆ ಹಿಂಜರಿಯುತ್ತೆ. ನಡುವಿನ ಜಾಗದಲ್ಲಿ ಹರಳು ಹಾಕಬಹುದು.
- ಕೃಷ್ಣಮೃಗ ಇರೋ ಕಡೆ ಕೆಳಗಿನ ತಂತಿ ಮುಖ್ಯ. ನೆಲದಿಂದ ಒಂದು ಗೇಣಿಗಿಂತ ಹೆಚ್ಚು ಬಿಡಬೇಡಿ.
- ತೆಳು ತಂತಿ ರಾತ್ರಿ ಪ್ರಾಣಿಗೆ ಕಾಣಲ್ಲ. ಓಡಿ ಬಂದು ಸಿಕ್ಕಿಕೊಳ್ಳುತ್ತೆ. ಅಲ್ಲಲ್ಲಿ ಬಿಳಿ ಬಟ್ಟೆ ಚೂರು ಕಟ್ಟಿ.
- ಮುಳ್ಳುತಂತಿ ಬೇಡ. ಮರಿಗಳ ಹೊಟ್ಟೆ, ಕಾಲು ಸೀಳುತ್ತೆ. ನಮ್ಮ ಕರುಗಳಿಗೂ ಅದೇ ಗತಿ.
- ಹಳೇ ಮೀನಿನ ಬಲೆ ಕಟ್ಟಬೇಡಿ. ಗಂಡು ಜಿಂಕೆಯ ಕೊಂಬು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತೆ. ಇಲಿ ಹಿಡಿಯೋ ಕೇರೆ ಹಾವೂ ಅದರಲ್ಲೇ ಸಾಯುತ್ತೆ, ಆಮೇಲೆ ಇಲಿ ಕಾಟ ಶುರು.
- ಕೆರೆ, ಹಳ್ಳ, ಹುಲ್ಲುಗಾವಲಿನ ನಡುವಿನ ಓಡಾಟದ ದಾರಿ ಮುಚ್ಚಬೇಡಿ. ಎಲ್ಲಾ ಕಡೆ ಮುಚ್ಚಿದ್ರೆ ಪ್ರಾಣಿ ಯಾವುದಾದ್ರೂ ಒಂದು ಕಡೆ ನುಗ್ಗಲೇಬೇಕು.

ಸೋಲಾರ್ ಬೇಲಿ ಒಳ್ಳೇದು. ಅದರಲ್ಲಿ ಕರೆಂಟು ಸತತವಾಗಿ ಹರಿಯಲ್ಲ. ಸೆಕೆಂಡಿಗೆ ಒಂದರಂತೆ ಕ್ಷಣಮಾತ್ರದ ಹೊಡೆತ ಬರುತ್ತೆ. ಪ್ರಾಣಿ ಹೆದರುತ್ತೆ, ಸಾಯಲ್ಲ. ಐಎಸ್‌ಐ ಗುರುತಿನ ಎನರ್ಜೈಸರ್ ತಗೊಳ್ಳಿ. ಜಿಂಕೆಯ ಮೈ ಕೂದಲು ಕರೆಂಟನ್ನ ಅಷ್ಟಾಗಿ ಒಳಗೆ ಬಿಡಲ್ಲ, ಆದ್ದರಿಂದ ಮೂಗು ತಾಗೋ ಎತ್ತರದಲ್ಲಿ ಒಂದು ತಂತಿ ಇರಲೇಬೇಕು. ವಾರಕ್ಕೊಮ್ಮೆ ತಂತಿಗೆ ತಾಗಿದ ಕಳೆ ಸವರಿ, ಇಲ್ಲದಿದ್ರೆ ಕರೆಂಟು ನೆಲಕ್ಕೆ ಹೋಗುತ್ತೆ. ಸಹಾಯಧನ ಆಯಾ ವರ್ಷದ ಯೋಜನೆ ಮೇಲೆ ಇರುತ್ತೆ. ವಲಯ ಅರಣ್ಯ ಕಚೇರಿ, ತೋಟಗಾರಿಕೆ ಇಲಾಖೆ ಎರಡರಲ್ಲೂ ವಿಚಾರಿಸಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀವಿ. ಪಂಪ್‌ಸೆಟ್ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡಬೇಡಿ. ಅದು ಅಪರಾಧ. ಜಿಂಕೆ ಸಾಯೋದು ಹಾಗಿರಲಿ, ಬೆಳಗಿನ ಜಾವ ನೀರು ಕಟ್ಟೋಕೆ ಹೋದ ನಮ್ಮ ಮನೆಯವರೇ ತುಳಿದು ಸತ್ತ ಪ್ರಕರಣ ಬೇಕಾದಷ್ಟಿವೆ.

ಕಡಿಮೆ ಖರ್ಚಿನ ಉಪಾಯಗಳು

*ಜೀವಂತ ಬೇಲಿ.* ನಮ್ಮ ಹಿರಿಯರು ಬದುವಿನ ಮೇಲೆ ಕತ್ತಾಳೆ, ಕಳ್ಳಿ ನೆಟ್ಟಿದ್ದು ಸುಮ್ಮನೆ ಅಲ್ಲ. ಎರಡು ಸಾಲು ಕತ್ತಾಳೆ ಹತ್ತಿರ ಹತ್ತಿರ ನೆಟ್ಟರೆ ಮೂರ್ನಾಲ್ಕು ವರ್ಷಕ್ಕೆ ಗೋಡೆ ಆಗುತ್ತೆ. ಬದುವಿನ ಮಣ್ಣೂ ಕೊಚ್ಚಿ ಹೋಗಲ್ಲ.

*ಅಂಚಿನ ಬೆಳೆ.* ಉತ್ತರ ಕರ್ನಾಟಕದಲ್ಲಿ ಜೋಳದ ಹೊಲದ ಸುತ್ತ ಮುಳ್ಳು ಕುಸುಬೆ ನಾಲ್ಕೈದು ಸಾಲು ಹಾಕೋ ಪದ್ಧತಿ ಇದೆ. ನಮ್ಮ ಕಡೆ ರಾಗಿ, ಶೇಂಗಾ ಸುತ್ತ ಹರಳು ಹಾಕ್ತಾರೆ. ಹರಳನ್ನ ಜಿಂಕೆ ಇಷ್ಟಪಡಲ್ಲ. ದನಕ್ಕೂ ಅದು ವಿಷ, ಕಟ್ಟೋ ಜಾಗದಿಂದ ದೂರ ಇರಲಿ. ಹೊಲದ ಅಂಚಿಗೆ ಅವರೆ, ಹುರುಳಿ, ಅಲಸಂದೆ ಬಿತ್ತಬೇಡಿ, ಅದು ಬಾಗಿಲಲ್ಲೇ ಊಟ ಬಡಿಸಿದ ಹಾಗೆ. ಅವು ಒಳಗಿರಲಿ, ಮೆಣಸಿನಕಾಯಿ, ಅರಿಶಿನ, ಎಳ್ಳಿನಂಥವು ಹೊರಗಿರಲಿ.

*ಮೊಟ್ಟೆ ದ್ರಾವಣ.* ಅಮೆರಿಕಾದ ರೈತರಲ್ಲೂ ಚಾಲ್ತಿಯಲ್ಲಿರೋ ಮನೆ ಮದ್ದು ಇದು. 10 ಲೀಟರ್ ನೀರಿಗೆ 8 ಮೊಟ್ಟೆ ಚೆನ್ನಾಗಿ ಕದಡಿ, ಬಟ್ಟೆಯಲ್ಲಿ ಸೋಸಿ, ಒಂದು ದಿನ ಇಟ್ಟು ಅಂಚಿನ ಗಿಡಗಳಿಗೆ ಸಿಂಪಡಿಸಬೇಕು. ಕೊಳೆತ ಮೊಟ್ಟೆ ವಾಸನೆ ಅಂದ್ರೆ ಬೇಟೆ ಪ್ರಾಣಿಯ ವಾಸನೆ ಅಂತ ಜಿಂಕೆ ದೂರ ಇರುತ್ತೆ. ಮಳೆ ಬಂದ್ರೆ ತೊಳೆದು ಹೋಗುತ್ತೆ, ಮತ್ತೆ ಹೊಡೀಬೇಕು. ಸೊಪ್ಪು, ತರಕಾರಿ ಕೊಯ್ಲಿಗೆ ಬಂದಿರೋವಾಗ ಬೇಡ.

*ಹೆದರಿಸೋ ಉಪಾಯ.* ಹಳೇ ಸೀರೆ, ಮಿನುಗೋ ದೀಪ, ರೇಡಿಯೋ, ತಲೆಗೂದಲು, ವಾಸನೆ ಸೋಪು, ಇವೆಲ್ಲ ಕೆಲಸ ಮಾಡ್ತವೆ, ಆದ್ರೆ ಸ್ವಲ್ಪ ದಿನ ಮಾತ್ರ. ಇದರಿಂದ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಪ್ರಾಣಿ ಕ್ಯಾರೇ ಅನ್ನಲ್ಲ. ಆದ್ದರಿಂದ ಬೆಳೆ ಪೂರ್ತಿ ಅವಧಿಗೆ ಕಟ್ಟಬೇಡಿ. ಮೊಳಕೆಯಿಂದ ಮೊದಲ ಆರು ವಾರ, ಮತ್ತೆ ಹೂವು ಕಾಯಿ ಕಟ್ಟೋ ಸಮಯ, ಈ ಎರಡು ಘಟ್ಟಕ್ಕೆ ಉಳಿಸಿಕೊಳ್ಳಿ. ನಾಲ್ಕು ದಿನಕ್ಕೊಮ್ಮೆ ಜಾಗ ಬದಲಾಯಿಸಿ.

*ಹೊಲದ ಸುತ್ತಲಿನ ಶುಚಿ.* ಯಶವಂತಪುರ ಮಾರ್ಕೆಟ್ಟಿಗೆ ಕಳಿಸಿ ಉಳಿದ ಕೋಸು, ಮೂಲಂಗಿ ಸೊಪ್ಪು ಬದುವಿನಲ್ಲಿ ರಾಶಿ ಹಾಕಬೇಡಿ. ಗುಂಡಿ ತೋಡಿ ಕಾಂಪೋಸ್ಟ್ ಮಾಡಿ. ಆ ರಾಶಿಗೆ ರುಚಿ ಹತ್ತಿದ ಪ್ರಾಣಿ ದಿನಾ ಅದೇ ಹೊತ್ತಿಗೆ ಹಾಜರಾಗುತ್ತೆ.

ಅನ್ನ ಹಾಕಬೇಡಿ, ದಯವಿಟ್ಟು

ಹೊಲದ ಪಕ್ಕ ಹೊಸದಾಗಿ ಮನೆ ಕಟ್ಟಿದವರು, ಫಾರ್ಮ್‌ಹೌಸಿನವರು ಪಾಪ ಅಂತ ಅನ್ನ, ಬ್ರೆಡ್ಡು, ಬಿಸ್ಕತ್ತು ಹಾಕ್ತಾರೆ. ನಮಗೆ ಗೊತ್ತಲ್ವಾ, ಹಸು ಒಂದು ಬಕೆಟ್ ಅನ್ನ ತಿಂದ್ರೆ ಏನಾಗುತ್ತೆ? ಹೊಟ್ಟೆ ಉಬ್ಬರಿಸಿ, ಹುಳಿಯಾಗಿ, ಡಾಕ್ಟರ್ ಬರೋದು ತಡವಾದ್ರೆ ಸತ್ತೇ ಹೋಗುತ್ತೆ. ಜಿಂಕೆಯೂ ಮೆಲುಕು ಹಾಕೋ ಪ್ರಾಣಿ, ಅದರ ಹೊಟ್ಟೆಯೂ ಅದೇ ತರ. ಅದರ ಜತೆಗೆ ಮನುಷ್ಯರ ಭಯ ಹೋಗುತ್ತೆ, ರಸ್ತೆಗೆ ಬರುತ್ತೆ, ಗಾಡಿಗೆ ಸಿಗುತ್ತೆ, ನಾಯಿಗೆ ಸಿಗುತ್ತೆ. ಪಕ್ಕದ ಮನೆಯವರಿಗೆ ಇದನ್ನ ರೈತರೇ ಹೇಳಬೇಕು. ದನ ಸಾಕಿದ ಅನುಭವ ನಮ್ಮದು.

ಇನ್ನೊಂದು ವಿಷಯ. ಕಾಲುಬಾಯಿ ಜ್ವರ ಜಿಂಕೆಗೂ ಬರುತ್ತೆ. ಒಂದೇ ಬಯಲಿನಲ್ಲಿ ನಮ್ಮ ದನವೂ ಅದೂ ಮೇಯ್ದರೆ ರೋಗ ಅತ್ತಿಂದಿತ್ತ ಓಡಾಡುತ್ತೆ. ಪಶು ಇಲಾಖೆಯ ಲಸಿಕೆ ಸುತ್ತು ಬಂದಾಗ ಒಂದೂ ದನ ತಪ್ಪಿಸಬೇಡಿ.

ಕಾನೂನು ಏನು ಹೇಳುತ್ತೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ. ವಿಷ ಇಡೋದು, ಉರುಳು ಹಾಕೋದು, ಬಲೆ ಹಾಕಿ ಹಿಡಿಯೋದು, ಅದಕ್ಕೆ ಪ್ರಯತ್ನ ಪಡೋದು ಕೂಡ ಬೇಟೆಯೇ. ಚುಕ್ಕೆ ಜಿಂಕೆ, ಕೃಷ್ಣಮೃಗ, ನವಿಲು ಮೂರಕ್ಕೂ ಕಾಯ್ದೆಯ ರಕ್ಷಣೆ ಇದೆ. ಕೃಷ್ಣಮೃಗ ಮತ್ತು ನವಿಲು ಮೊದಲ ಅನುಸೂಚಿಯಲ್ಲಿವೆ. ಆ ಅನುಸೂಚಿಯ ಪ್ರಾಣಿ ಬೇಟೆಯಾಡಿದ್ರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜತೆಗೆ ದಂಡ.

"ನಾನು ಹಂದಿಗೆ ಅಂತ ಉರುಳು ಹಾಕಿದ್ದೆ, ಜಿಂಕೆ ಬಿತ್ತು" ಅಂದ್ರೆ ಕೋರ್ಟು ಕೇಳಲ್ಲ. ಉರುಳಿಗೆ ಇದು ಹಂದಿ, ಇದು ಚಿರತೆ ಅನ್ನೋ ಭೇದ ಗೊತ್ತಿಲ್ಲ. ನಿಮ್ಮ ಹೊಲದಲ್ಲಿ ಬೇರೆ ಯಾರೋ ಹಾಕಿದ ಉರುಳು ಕಂಡ್ರೂ ಸುಮ್ಮನಿರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಜಮೀನು ನಿಮ್ಮದು, ಮೊದಲು ಕೇಳೋದು ನಿಮ್ಮನ್ನೇ.

ಬೆಳೆ ಹೋಯ್ತು, ಪರಿಹಾರ ಹೇಗೆ?

ಹಾನಿ ಕಂಡ ದಿನವೇ ಫೋಟೋ, ವಿಡಿಯೋ ತೆಗೀರಿ. ಹೊಲದ ಗುರುತು, ಗೊರಸಿನ ಗುರುತು, ಹಾಳಾದ ಜಾಗ ಎಲ್ಲಾ ಕಾಣಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜತೆಗಿಟ್ಟು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗಬೇಕು. ಅರ್ಜಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಿಬ್ಬಂದಿ ಸ್ಥಳ ನೋಡೋವರೆಗೆ ಆ ತುಂಡನ್ನ ಉತ್ತು ಹಾಕಬೇಡಿ.

ಬೆಳೆ ವಿಮೆ ವಿಷಯದಲ್ಲಿ ಒಂದು ಹೊಸ ಸುದ್ದಿ ಇದೆ. 2026ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳಿಂದಾದ ಹಾನಿಯನ್ನ ಸೇರಿಸೋದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಹಾನಿಯಾದ 72 ಗಂಟೆಯೊಳಗೆ ಸ್ಥಳದ ಗುರುತಿರೋ ಫೋಟೋ ಸಮೇತ ವಿಮೆ ಆ್ಯಪ್‌ನಲ್ಲಿ ದೂರು ಹಾಕಬೇಕು. ಯಾವ ಪ್ರಾಣಿ, ಯಾವ ಪ್ರದೇಶ ಅನ್ನೋ ಪಟ್ಟಿ ರಾಜ್ಯ ಸರ್ಕಾರ ಮಾಡಬೇಕು. ನಿಮ್ಮ ಹೋಬಳಿ, ಜಿಂಕೆ ಎರಡೂ ಆ ಪಟ್ಟಿಯಲ್ಲಿ ಇವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕಂತು ಕಟ್ಟೋಕೆ ಮುಂಚೆಯೇ ಕೇಳಿ. ಈಗಿನಿಂದಲೇ ಹಾನಿ ದಾಖಲೆ ಇಟ್ಟರೆ ಪಟ್ಟಿಗೆ ಸೇರಿಸಿ ಅಂತ ಕೇಳೋಕೂ ಆಧಾರ ಸಿಗುತ್ತೆ. ದಾಖಲೆ ಇಲ್ಲದ ಹಾನಿ ಸರ್ಕಾರದ ಲೆಕ್ಕದಲ್ಲಿ ಆಗೇ ಇಲ್ಲ.

ಗಾಯಗೊಂಡ ಜಿಂಕೆ, ಒಂಟಿ ಮರಿ ಕಂಡ್ರೆ

1. ಮೊದಲು ನಾಯಿಗಳನ್ನ ದೂರ ಓಡಿಸಿ. ಆಮೇಲೆ ಜನರನ್ನ.
2. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.
3. ಪ್ರಾಣಿ ಏಳಲಾರದೆ ಬಿದ್ದಿದ್ರೆ ಕಣ್ಣಿನ ಮೇಲೆ ಹಗುರವಾದ ಬಟ್ಟೆ ಮುಚ್ಚಿ. ಕತ್ತಲಾದ್ರೆ ಶಾಂತವಾಗುತ್ತೆ. ಮೂಗು ಮುಚ್ಚಬಾರದು.
4. ಬಾಯಿಗೆ ನೀರು, ಹಾಲು ಹುಯ್ಯಬೇಡಿ. ಶ್ವಾಸಕ್ಕೆ ಹೋಗುತ್ತೆ.
5. ಕಾಲು ಕಟ್ಟಿ ಬೈಕಿನಲ್ಲಿ ಹಾಕ್ಕೊಂಡು ಹೋಗಬೇಡಿ, ಸೆಲ್ಫಿ ಬೇಡ, ಜೋರು ಮಾತು ಬೇಡ. ಹೆದರಿಕೆಯೇ ಕೊಲ್ಲುತ್ತೆ ಅಂತ ಮೇಲೆ ಹೇಳಿದ್ವಲ್ಲ.
6. ಹುಲ್ಲು ಕೊಯ್ಯುವಾಗ, ರಾಗಿ ಕೊಯ್ಲಿನಲ್ಲಿ ಸುಮ್ಮನೆ ಮುದುಡಿ ಮಲಗಿದ ಮರಿ ಕಂಡ್ರೆ ಅದು ಅನಾಥ ಅಲ್ಲ. ತಾಯಿಯೇ ಬಚ್ಚಿಟ್ಟು ಮೇಯೋಕೆ ಹೋಗಿರುತ್ತೆ. ಮುಟ್ಟಬೇಡಿ. ಆ ಜಾಗ ಒಂದಿಷ್ಟು ಬಿಟ್ಟು ಉಳಿದದ್ದು ಕೊಯ್ಯಿರಿ, ಸಂಜೆ ದೂರದಿಂದ ನೋಡಿ. ಬಹಳ ಸಲ ತಾಯಿ ಬಂದು ಕರ್ಕೊಂಡು ಹೋಗಿರುತ್ತೆ.
7. ಹೊಲದಲ್ಲಿ ತೆರೆದ ಬಾವಿ, ಕೃಷಿಹೊಂಡ ಇದ್ರೆ ಸುತ್ತ ಕಟ್ಟೆ ಅಥವಾ ಬೇಲಿ ಮಾಡಿ. ಹೊಂಡದ ಟಾರ್ಪಾಲಿನ ಮೇಲೆ ಗಂಟು ಹಾಕಿದ ಹಗ್ಗ ಅಥವಾ ಹಳೇ ಟೈರ್ ಸರ ಇಳಿಬಿಟ್ರೆ ಬಿದ್ದ ಪ್ರಾಣಿ ಹತ್ತಿ ಬರೋಕೆ ಆಗುತ್ತೆ. ಮಕ್ಕಳ ಜೀವಕ್ಕೂ ಅದು ಆಸರೆ.

ಈ ವಾರ ಮಾಡಬಹುದಾದ ಕೆಲಸ

ಎಲ್ಲಾ ಒಂದೇ ಸಲ ಆಗಲ್ಲ. ಮೊದಲು ಹೊಲದ ಸುತ್ತ ಒಂದು ಸುತ್ತು ಹಾಕಿ, ಪ್ರಾಣಿ ಎಲ್ಲಿಂದ ಬರುತ್ತೆ ಅಂತ ಗುರುತು ಮಾಡಿ. ಸಾಮಾನ್ಯವಾಗಿ ಎರಡು ಮೂರು ಕಡೆಯಿಂದ ಮಾತ್ರ ಬರೋದು. ಅಷ್ಟು ಕಡೆ ಮಾತ್ರ ಮೊದಲು ಭದ್ರ ಮಾಡಿ, ಖರ್ಚು ಅರ್ಧಕ್ಕರ್ಧ ಉಳಿಯುತ್ತೆ. ಆಮೇಲೆ ಅಕ್ಕಪಕ್ಕದವರ ಜತೆ ಕೂತು ಒಟ್ಟು ಬೇಲಿಯ ಮಾತು ತೆಗೀರಿ. ಹೆಬ್ಬಾಳದ ಜಿಕೆವಿಕೆಯಲ್ಲಿ ಕೃಷಿ ಮೇಳಕ್ಕೆ ಹೋದಾಗ ಸೋಲಾರ್ ಬೇಲಿ ಮಳಿಗೆಗಳಲ್ಲಿ ದರ ಹೋಲಿಸಿ ನೋಡಿ, ಮೊದಲು ಕಂಡ ಅಂಗಡಿಯಲ್ಲೇ ಮುಂಗಡ ಕೊಡಬೇಡಿ.

ಬೆಳೆ ಹೋದ್ರೆ ರೈತನಿಗೆ ಬರೋ ಸಿಟ್ಟು ನಮಗೂ ಗೊತ್ತು. ನಾಲ್ಕು ತಿಂಗಳ ಬೆವರು ಅದು. ಆದ್ರೆ ವಿಷ, ಉರುಳು, ಕಳ್ಳ ಕರೆಂಟಿನಿಂದ ಬೆಳೆ ಉಳಿದ ಊರು ಯಾವುದೂ ಇಲ್ಲ. ಒಂದು ಜಿಂಕೆ ಸತ್ತರೆ ಇನ್ನೊಂದು ಬರುತ್ತೆ, ಕೇಸು ಮಾತ್ರ ಮನೆಯಲ್ಲೇ ಉಳಿಯುತ್ತೆ. ಬೇಲಿ ಭದ್ರ ಮಾಡಿ, ಹುಲ್ಲಿನ ಬಯಲು ಬಿಟ್ಟುಕೊಡಿ, ಹಾನಿಯಾದ್ರೆ ದಾಖಲೆ ಮಾಡಿ ಹಕ್ಕಿನ ಪರಿಹಾರ ಕೇಳಿ.

ನಿಮ್ಮ ಊರಿನಲ್ಲಿ ಯಾವ ಉಪಾಯ ಕೆಲಸ ಮಾಡಿದೆ, ಯಾವುದು ಮಾಡಿಲ್ಲ ಅಂತ ಬರೆದು ತಿಳಿಸಿ. ಮುಂದಿನ ವಾರ ನವಿಲಿನ ಕಾಟಕ್ಕೆ ಏನು ಮಾಡಬಹುದು ಅಂತ ನೋಡೋಣ.